ಇವತ್ತು ರಸ್ತೆ ಬಂದ್

ಡಿಸೆಂಬರ್ ಬಂತೆಂದರೆ ಕಾಶ್ಮೀರದ ಸೋನಾಮಾರ್ಗ್‌ನ ಗೇಟಿನ ಹಿಂದೆ ಲಾರಿಗಳ ಸಾಲು ಉದ್ದವಾಗುತ್ತ ಹೋಗುತ್ತಿತ್ತು. ಜೋಜಿ ಲಾ ಕಣಿವೆದಾರಿ ಮುಚ್ಚುವುದರೊಳಗೆ ಕಾರ್ಗಿಲ್‌ಗೆ ಇನ್ನೊಂದು ಟ್ರಿಪ್ ಹೊಡೆದುಬಿಡಬೇಕು ಅನ್ನುವುದು ಪ್ರತಿ ಚಾಲಕನ ಲೆಕ್ಕ. ಅಕ್ಕಿ, ಗೋಧಿ ಹಿಟ್ಟು, ಈರುಳ್ಳಿ, ಸೀಮೆಎಣ್ಣೆ, ಗ್ಯಾಸ್ ಸಿಲಿಂಡರ್, ಜೀವಂತ ಕುರಿ, ಕೋಳಿ. ಕೋಳಿ ಲಾರಿಯವನಿಗೆ ಎಲ್ಲರಿಗಿಂತ ಹೆಚ್ಚು ಅವಸರ. ಅವನ ಸರಕು ಚಳಿಗೆ ಸಾಯುತ್ತದೆ. ಆದರೆ ಸಾಲಿನಲ್ಲಿದ್ದವರೆಲ್ಲರ ಪ್ರಶ್ನೆಯೂ ಒಂದೇ: ರಸ್ತೆ ಯಾವಾಗ ಬಿಡ್ತೀರಿ, ಸಾಬ್?

ತೊಂಬತ್ತರ ದಶಕದಲ್ಲಿ ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರಲ್ಲಿ ಹಾನಗಲ್ ಕಡೆಯ ಒಬ್ಬ ಎಂಜಿನಿಯರ್ ಇದ್ದರು. ಗಡಿ ರಸ್ತೆ ಸಂಸ್ಥೆಯ ಕೆಲಸಕ್ಕೆ ಸೇರಿದಾಗ ಅವರಿಗೆ ಹಿಮದ ಪರಿಚಯ ಇದ್ದದ್ದು ಹಿಂದಿ ಸಿನಿಮಾ ಹಾಡುಗಳಿಂದ ಮಾತ್ರ. ಭತ್ತದ ಗದ್ದೆ, ಕೆರೆ ಏರಿ, ಆಷಾಢದ ಜಡಿಮಳೆ ನೋಡಿ ಬೆಳೆದವರು. ಮಳೆಗೆ ರಸ್ತೆ ಕೊಚ್ಚಿಹೋಗುವುದು ಅವರಿಗೆ ಹೊಸದಲ್ಲ. ಕೊಚ್ಚಿಹೋಗದೆ, ಇದ್ದ ಜಾಗದಲ್ಲೇ ರಸ್ತೆ ಕಾಣೆಯಾಗುವುದು ಹೊಸದು. ಈಗ ನಿವೃತ್ತರಾಗಿ ಧಾರವಾಡದಲ್ಲಿದ್ದಾರೆ. ಆ ಚಳಿಗಾಲಗಳ ಬಗ್ಗೆ ಕೇಳಿದರೆ ಹಿಮಪಾತದ ರೋಚಕ ಕಥೆ ಹೇಳುವುದಿಲ್ಲ. ಗೇಟಿನ ಕಥೆ ಹೇಳುತ್ತಾರೆ.

ಶ್ರೀನಗರದಿಂದ ಲೇಹ್‌ಗೆ ಹೋಗುವ ಹೆದ್ದಾರಿಯಲ್ಲಿ ಜೋಜಿ ಲಾ ಅತಿ ಎತ್ತರದ ಕಣಿವೆದಾರಿಯೇನಲ್ಲ. ಅದು ಸಮುದ್ರಮಟ್ಟದಿಂದ 3,528 ಮೀಟರ್. ಮುಂದೆ ಅದೇ ರಸ್ತೆಯಲ್ಲಿ ಸಿಗುವ ಫೋತು ಲಾ 4,100 ಮೀಟರ್ ದಾಟುತ್ತದೆ. ಆದರೂ ಚಳಿಗಾಲದಲ್ಲಿ ಇಡೀ ಹೆದ್ದಾರಿಯನ್ನು ಬಂದ್ ಮಾಡಿಸುವುದು ಕುಳ್ಳ ಜೋಜಿ ಲಾವೇ. ಮೆಡಿಟರೇನಿಯನ್ ಕಡೆಯಿಂದ ಇರಾನ್, ಅಫ್ಘಾನಿಸ್ತಾನ ದಾಟಿ ಬರುವ ಪಶ್ಚಿಮದ ಅಡಚಣೆಗಳು, ಅಂದರೆ ಹವಾಮಾನ ವರದಿಯಲ್ಲಿ ಚಳಿಗಾಲದುದ್ದಕ್ಕೂ ಕೇಳಿಬರುವ 'ವೆಸ್ಟರ್ನ್ ಡಿಸ್ಟರ್ಬೆನ್ಸ್'ಗಳು, ತಮ್ಮ ತೇವವನ್ನೆಲ್ಲ ಕಾಶ್ಮೀರದ ಕಡೆಯ ಇಳಿಜಾರಿನಲ್ಲೇ ಸುರಿದುಬಿಡುತ್ತವೆ. ಲಡಾಖ್‌ಗೆ ಉಳಿಯುವುದು ಒಣ ಚಳಿ. ಮಧ್ಯದ ಕಂಡಿಯೇ ಜೋಜಿ ಲಾ. ಅಲ್ಲಿ ಗಾಳಿ ಇಕ್ಕಟ್ಟಾಗಿ ನುಗ್ಗುತ್ತದೆ, ಬಿದ್ದ ಹಿಮವನ್ನು ಒಂದು ಮಗ್ಗುಲಿನಿಂದ ಎತ್ತಿ ಇನ್ನೊಂದು ಮಗ್ಗುಲಿಗೆ ಪೇರಿಸುತ್ತದೆ. ಆಕಾಶ ತಿಳಿಯಾಗಿದ್ದ ದಿನವೂ ರಸ್ತೆಯ ಮೇಲೆ ಆಳೆತ್ತರ ಹಿಮ ಬಂದು ಕೂರಬಹುದು. ಅದು ಮೇಲಿನಿಂದ ಬಿದ್ದದ್ದಲ್ಲ, ಪಕ್ಕದಿಂದ ಬಂದದ್ದು.

ಇನ್ನೊಂದು ವಿಚಿತ್ರವಿದೆ. ಕಾಶ್ಮೀರದ ಬದಿಯ ಬಾಲ್‌ಟಾಲ್ ಕಡೆಯಿಂದ ಗೋಡೆ ಹತ್ತಿದಂತೆ ತಿರುವು ತಿರುವಾಗಿ ಏರಿದ ರಸ್ತೆ, ಆಚೆ ಗುಮ್ರಿ, ಮಟಾಯನ್ ಕಡೆಗೆ ಅಷ್ಟು ಇಳಿಯುವುದೇ ಇಲ್ಲ. ಆಚೆ ಬದಿ ನಿಧಾನದ ಜಾರು. ಹಾಗಾಗಿ ಹೊಸ ಚಾಲಕರಿಗೆ ತುದಿ ದಾಟಿದೊಡನೆ ಗೆದ್ದೆ ಅನ್ನಿಸಿಬಿಡುತ್ತದೆ. ಸ್ಥಳೀಯ ಚಾಲಕರು ಹಾಗೆ ಅಂದುಕೊಳ್ಳುವುದಿಲ್ಲ, ಏಕೆಂದರೆ ಗುಮ್ರಿಯ ಬಯಲಿನಲ್ಲಿ ಹಿಮಗಾಳಿ ಎದ್ದರೆ ಬಾನೆಟ್ಟಿನ ಮೂತಿಯೂ ಕಾಣುವುದಿಲ್ಲ. ನಿಂತರೆ ಗಾಡಿಯ ಸುತ್ತ ಹಿಮ ಕಟ್ಟುತ್ತದೆ, ನಡೆದರೆ ರಸ್ತೆ ಯಾವುದು ಹಳ್ಳ ಯಾವುದು ಗೊತ್ತಾಗುವುದಿಲ್ಲ.

ಹಿಮದಲ್ಲಿ ತೂಕ ಅಷ್ಟು ಮುಖ್ಯವಲ್ಲ, ಪದರ ಮುಖ್ಯ ಅನ್ನುವುದನ್ನು ಎಂಜಿನಿಯರ್ ಕಲಿತದ್ದು ಪುಸ್ತಕಕ್ಕಿಂತ ಹೆಚ್ಚಾಗಿ ಗುಂಡಿ ತೋಡಿ. ಚಳಿಗಾಲದ ಶುರುವಿನಲ್ಲಿ ಬಿದ್ದ ತೆಳು ಹಿಮ ನೆಲದ ಕಾವಿಗೂ ಮೇಲಿನ ಶೀತಕ್ಕೂ ನಡುವೆ ಸಿಕ್ಕಿ ಹರಳುಹರಳಾಗುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುವುದಿಲ್ಲ, ಬೆರಳ ಸಂದಿಯಿಂದ ಸೋರಿಹೋಗುತ್ತದೆ. ಅದರ ಮೇಲೆ ಜನವರಿಯ ಭಾರಿ ಹಿಮ ಬಿದ್ದು, ಗಾಳಿಗೆ ಬಿಗಿದು, ಹಲಗೆಯಾಗುತ್ತದೆ. ದಪ್ಪ ರವೆ ಹರಡಿ ಅದರ ಮೇಲೆ ಕಡಪ ಕಲ್ಲು ಓರೆಯಾಗಿ ಇಟ್ಟ ಹಾಗೆ. ಇಳಿಜಾರು 30ರಿಂದ 45 ಡಿಗ್ರಿ ಇದ್ದರೆ ಹಲಗೆ ಜಾರಲು ಹೇಳಿಮಾಡಿಸಿದ ಜಾಗ. ಅದಕ್ಕಿಂತ ಕಡಿದಾದ ಕಡೆ ಹಿಮ ನಿಲ್ಲದೆ ಆಗಾಗ ಉದುರಿಹೋಗುತ್ತದೆ, ಅದಕ್ಕಿಂತ ಚಪ್ಪಟೆಯಾದ ಕಡೆ ಸಾಮಾನ್ಯವಾಗಿ ಕದಲುವುದಿಲ್ಲ. ಬಾಲ್‌ಟಾಲ್‌ನಿಂದ ಮೇಲೇರುವ ರಸ್ತೆ ಇಂಥ ಇಳಿಜಾರುಗಳ ಬುಡವನ್ನೇ ಒಂದಾದ ಮೇಲೊಂದರಂತೆ ಕತ್ತರಿಸಿಕೊಂಡು ಹೋಗುತ್ತದೆ. ಅಲ್ಲೊಂದು ಹಳ್ಳಕ್ಕೆ ಚಾಲಕರು ಶೈತಾನ್ ನಾಲಾ ಅಂತ ಹೆಸರಿಟ್ಟಿರುವುದು ತಮಾಷೆಗಲ್ಲ.

ಮುನ್ಸೂಚನೆ ಕೊಡುವವರು ಇದ್ದರು. ಹಿಮ ಮತ್ತು ಹಿಮಪಾತದ ಅಧ್ಯಯನಕ್ಕೆಂದೇ ಮನಾಲಿಯಲ್ಲಿ 1969ರಲ್ಲಿ ರಕ್ಷಣಾ ಸಂಶೋಧನೆಯವರು ತೆರೆದ ಸಂಸ್ಥೆ, ಸಾಸೆ ಅಂತ ಎಲ್ಲರ ಬಾಯಲ್ಲಿ, ಎಲ್ಲೆಲ್ಲಿ ಅಪಾಯ ಎಷ್ಟು ಅಂತ ತಿಳಿಸುತ್ತಿತ್ತು. 2020ರಲ್ಲಿ ಅದು ಇನ್ನೊಂದು ಪ್ರಯೋಗಾಲಯದ ಜೊತೆ ಸೇರಿ ಬೇರೆ ಹೆಸರು ಪಡೆಯಿತು. ಮುನ್ಸೂಚನೆ ಇಡೀ ಇಳಿಜಾರಿಗೆ. ಗೇಟು ತೆಗೆಯುವುದು ಮಾತ್ರ ಇಂಥ ಹೊತ್ತಿಗೆ, ಇಷ್ಟು ಲಾರಿಗೆ. ಆ ನಡುವಿನ ಅಂತರವನ್ನು ತುಂಬಬೇಕಾದವರು ಸ್ಥಳದಲ್ಲಿದ್ದವರು.

ಹೊರಗಿನವರಿಗೆ ಹಿಮ ತೆಗೆಯುವ ಕೆಲಸ ಬುಲ್ಡೋಜರ್ ಓಡಿಸುವ ಕೆಲಸದಂತೆ ಕಾಣುತ್ತದೆ. ಮಾರ್ಚ್‌ನಲ್ಲಿ ಕೆಲಸ ಶುರುಮಾಡುವಾಗ ಮೊದಲ ತೊಂದರೆ ರಸ್ತೆ ಹುಡುಕುವುದು. ಇಡೀ ಬೆಟ್ಟ ಒಂದೇ ಬಿಳಿ ಇಳಿಜಾರು; ಕೆಳಗೆ ಎಲ್ಲೋ ಡಾಂಬರು. ಬೇಸಿಗೆಯಲ್ಲಿ ಬಂಡೆಗಳಿಗೆ ಬಳಿದ ಗುರುತು, ನೆಟ್ಟ ಕಂಬ, ಹಳೆಯ ಆಪರೇಟರ್‌ಗಳ ನೆನಪು, ಇವನ್ನು ಹಿಡಿದು ಮೊದಲ ಡೋಜರ್ ಇಳಿಯುತ್ತದೆ. ಅದು ಒಂದಡಿ ಹೊರಕ್ಕೆ ಸರಿದರೆ ಯಂತ್ರವೂ ಆಪರೇಟರೂ ಬಾಲ್‌ಟಾಲ್‌ನ ಕಣಿವೆಗೆ. ಮಧ್ಯದಲ್ಲಿ ಸ್ನೋ ಕಟರ್ ತೂರಿದ ಹಿಮ ಕಮಾನಾಗಿ ಹಾರಿ ಕೆಳಗೆ ಬೀಳುತ್ತದೆ. ರಸ್ತೆ ತೆರೆದಾಗ ಎರಡೂ ಬದಿ ನಿಂತ ಹಿಮದ ಗೋಡೆ ಬಸ್ಸಿಗಿಂತ ಎತ್ತರ. ಪ್ರವಾಸಿಗರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆಪರೇಟರ್‌ಗಳು ಅದರ ಪಕ್ಕ ಒಂದು ನಿಮಿಷ ಹೆಚ್ಚು ನಿಲ್ಲುವುದಿಲ್ಲ. ಬಿಸಿಲು ಏರಿದಂತೆ ಗೋಡೆ ಬಾಯಿಬಿಡುತ್ತದೆ ಅಂತ ಅವರಿಗೆ ಗೊತ್ತು.

ಯಂತ್ರಗಳ ಕಷ್ಟವೇ ಬೇರೆ. ಆಚೆ ದ್ರಾಸ್‌ನಲ್ಲಿ ಜನವರಿಯ ರಾತ್ರಿ ಮೈನಸ್ 20 ಮಾಮೂಲು. ಡೀಸೆಲ್‌ನಲ್ಲಿರುವ ಮೇಣ ಹೆಪ್ಪುಗಟ್ಟಿ, ಫಿಲ್ಟರ್‌ನಲ್ಲಿ ಸಿಕ್ಕಿಕೊಂಡು, ಎಂಜಿನ್ ಉಸಿರು ನಿಲ್ಲಿಸುತ್ತದೆ. ಸೀಮೆಎಣ್ಣೆ ಬೆರೆಸುವುದು, ರಾತ್ರಿಯಿಡೀ ಎಂಜಿನ್ ಆರಿಸದೆ ಇಡುವುದು, ಟ್ಯಾಂಕಿನ ಅಡಿ ಚಿಂದಿಬಟ್ಟೆಗೆ ಎಣ್ಣೆ ಹಾಕಿ ಬೆಂಕಿ ಹಚ್ಚುವುದು, ಎಲ್ಲವೂ ನಡೆಯುತ್ತಿತ್ತು. ಡೀಸೆಲ್ ಟ್ಯಾಂಕಿನ ಕೆಳಗೆ ಬೆಂಕಿ ಹಾಕುವುದನ್ನು ಮೊದಲ ಸಲ ನೋಡಿದ ಕನ್ನಡದ ಎಂಜಿನಿಯರ್ ಓಡಿಹೋಗಿ ದೂರ ನಿಂತಿದ್ದರಂತೆ, ಚಾಲಕರು ನಕ್ಕಿದ್ದರಂತೆ. ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ಲನ್ನು ಇಂಡಿಯನ್ ಆಯಿಲ್ ಲಡಾಖ್‌ಗೆ ತಂದದ್ದು 2019ರ ನವೆಂಬರ್‌ನಲ್ಲಿ. ಅಲ್ಲಿಯವರೆಗೆ ಚಿಂದಿಬಟ್ಟೆಯೇ ಗತಿ.

ಬರಿಗೈಯಲ್ಲಿ ಸ್ಪ್ಯಾನರ್ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತಿತ್ತು. ಗ್ಲೌಸ್ ಹಾಕಿಕೊಂಡರೆ ನಟ್ ಹಿಡಿಯಲು ಬರುವುದಿಲ್ಲ. ಮೆಕ್ಯಾನಿಕ್‌ಗಳು ಒಂದು ನಟ್ ಬಿಚ್ಚಿ, ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು, ಮತ್ತೊಂದು ಬಿಚ್ಚುವರು. ಚೈನ್ ಕಟ್ಟುವುದೂ ಹೀಗೆಯೇ. ಟೈರಿಗೆ ಚೈನ್ ಹೊದಿಸಿ, ಗಾಡಿಯನ್ನು ಅರ್ಧ ಸುತ್ತು ಮುಂದೆ ಉರುಳಿಸಿ, ಮಂಡಿಯೂರಿ ಕೊಂಡಿ ಹಾಕಬೇಕು. ಕೊಂಡಿ ಸಡಿಲವಿದ್ದರೆ ಚೈನ್ ಬಿಚ್ಚಿ ಬ್ರೇಕ್ ಪೈಪ್‌ಗೆ ಹೊಡೆಯುತ್ತದೆ. ಬಯಲುಸೀಮೆಯಿಂದ ಬಂದ ಚಾಲಕರು ಚೈನ್ ಕೊಂಡು ತಂದಿರುತ್ತಿದ್ದರು, ಕಟ್ಟಲು ಕಲಿತಿರುತ್ತಿರಲಿಲ್ಲ.

ರಾತ್ರಿ ಕೋಣೆಯಲ್ಲಿ ಬುಖಾರಿ ಉರಿಯುತ್ತಿತ್ತು, ಸೀಮೆಎಣ್ಣೆಯದೋ ಸೌದೆಯದೋ ತಗಡಿನ ಒಲೆ. ಹೊಗೆ ಕೊಳವೆಯ ಬಾಯಿಗೆ ಹಿಮ ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಕೋಣೆಯಲ್ಲೇ ಉಳಿಯುತ್ತದೆ. ವಾಸನೆಯಿಲ್ಲ, ಉರಿಯಿಲ್ಲ, ನಿದ್ದೆ ಮಾತ್ರ ಗಾಢವಾಗುತ್ತದೆ. ಅದಕ್ಕೇ ಮಲಗುವ ಮೊದಲು ಆರಿಸಬೇಕೆಂಬ ಕಟ್ಟುನಿಟ್ಟು. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿ ಗಿರಿಧಾಮದಲ್ಲಿ ಹಿಮ ನೋಡಲು ಹೋದ 20ಕ್ಕೂ ಹೆಚ್ಚು ಮಂದಿ ರಸ್ತೆಯಲ್ಲಿ ಸಿಕ್ಕಿಬಿದ್ದು ತಮ್ಮ ಕಾರುಗಳಲ್ಲೇ ಸತ್ತ ಸುದ್ದಿ ಬಂದಾಗ, ಎಂಜಿನಿಯರ್ ಟಿವಿ ಮುಂದೆ ಕೇಳಿದ್ದು ಒಂದೇ: ಸೈಲೆನ್ಸರ್ ಸುತ್ತ ಹಿಮ ತೆಗೆದಿದ್ದರಾ? ಹೀಟರ್‌ಗೋಸ್ಕರ ಎಂಜಿನ್ ಓಡಿಸುತ್ತ ಕೂತ ಕಾರಿನ ಹೊಗೆ ಕೊಳವೆ ಹಿಮದಲ್ಲಿ ಹೂತರೆ ಆ ಹೊಗೆ ಕಾರಿನೊಳಗೇ ಬರುತ್ತದೆ. ಅಲ್ಲಿ ಕೆಲವರನ್ನು ಕೊಂದದ್ದು ಈ ವಿಷಾನಿಲವೇ ಎಂದು ವರದಿಗಳು ಆಮೇಲೆ ಹೇಳಿದವು.

ಇನ್ನು ಗೇಟು.

ಸಂಜೆಗಿಂತ ಮುಂಜಾನೆ ಲೇಸು ಅನ್ನುವುದು ಅಲ್ಲಿನ ಮೂಲ ನಿಯಮ. ರಾತ್ರಿಯ ಶೀತಕ್ಕೆ ಹಿಮ ಬಿಗಿದುಕೊಂಡಿರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಸಡಿಲವಾಗುತ್ತದೆ. ರಸ್ತೆ ಅಗಲವಿಲ್ಲದ್ದರಿಂದ ಒಂದು ದಿನ ಹೋಗುವ ಗಾಡಿ, ಮರುದಿನ ಬರುವ ಗಾಡಿ. ಮುಂಜಾನೆಯ ಹೊತ್ತು ಮೀರಿದರೆ ಸಾಲು ಅಲ್ಲೇ ನಿಲ್ಲಬೇಕು. ಇದನ್ನು ಬರೆಯುವುದು ಸುಲಭ. ಗೇಟಿನ ಮುಂದೆ ನಿಂತು ಹೇಳುವುದು ಸುಲಭವಲ್ಲ.

ಒಂದು ದಿನದ ಮಾತು. ಎರಡು ದಿನ ಬಿಡದೆ ಸುರಿದು ಹಿಮ ನಿಂತಿತ್ತು. ಆಕಾಶ ಎಷ್ಟು ನೀಲಿಯೆಂದರೆ ಕಣ್ಣು ನೋಯುತ್ತಿತ್ತು. ಡೋಜರ್ ದಾರಿ ಮಾಡಿತ್ತು. ಬೆಳಗ್ಗೆ ಗಾಳಿಯಿಂದ ತಡವಾಗಿ, ಎಲ್ಲ ಸಿದ್ಧವಾಗುವ ಹೊತ್ತಿಗೆ ಹನ್ನೊಂದೂವರೆ. ಎದುರಿನ ಇಳಿಜಾರಿನಿಂದ ಸಣ್ಣ ಸಣ್ಣ ಹಿಮದುಂಡೆಗಳು ತಾವಾಗಿ ಉರುಳಲು ಶುರುವಾಗಿದ್ದವು, ಹಿಂದೆ ಬೆರಳಲ್ಲಿ ಗೀಚಿದಂಥ ಗೆರೆ ಬಿಡುತ್ತ. ಎಂಜಿನಿಯರ್ ರಸ್ತೆ ಬಂದ್ ಅಂದರು. ಸಾಲಿನಲ್ಲಿ ದ್ರಾಸ್ ಕಡೆಯ ಒಂದು ಕುಟುಂಬ ಜೀಪಿನಲ್ಲಿತ್ತು. ಶ್ರೀನಗರದ ಆಸ್ಪತ್ರೆಯಿಂದ ತಾಯಿಯನ್ನು ಮನೆಗೆ ಕರೆದೊಯ್ಯುತ್ತಿದ್ದ ಮಗ. ಅವನು ಬೈಯಲಿಲ್ಲ, ಬೇಡಿದ. ಲಾರಿಯವರು ಬೈದರು, ಹಿಂದಿಯಲ್ಲಿ, ಪಂಜಾಬಿಯಲ್ಲಿ, ಕಾಶ್ಮೀರಿಯಲ್ಲಿ. ಬೆಳಗ್ಗೆ ಏಳರಿಂದ ಇಲ್ಲೇ ಇದ್ದೇವೆ, ಆಕಾಶ ನೋಡಿ ಸಾಬ್, ಒಂದು ಮೋಡ ಇದೆಯಾ?

ಅವತ್ತು ಹಿಮಪಾತ ಆಗಲಿಲ್ಲ. ಸಂಜೆಯವರೆಗೂ ಏನೂ ಆಗಲಿಲ್ಲ. ಮರುದಿನ ಬೆಳಗ್ಗೆ ಇಡೀ ಸಾಲು ದಾಟಿತು. ಜೀಪಿನ ತಾಯಿ ರಾತ್ರಿಯನ್ನು ಒಂದು ಢಾಬಾದ ಬುಖಾರಿ ಪಕ್ಕದಲ್ಲಿ ಕಳೆದರು. ಕೋಳಿ ಲಾರಿಯಲ್ಲಿ ಎಷ್ಟು ಸತ್ತವೋ. ಹತ್ತಿರದಲ್ಲೇ ಒಂದು ಹಿಮರಾಶಿ ಧಡಲ್ಲನೆ ಬಂದು ರಸ್ತೆ ಮುಚ್ಚಿತು ಅಂತ ಹೇಳಿದ್ದರೆ ಕಥೆ ಚೆನ್ನಾಗಿರುತ್ತಿತ್ತು. ಅವರು ಹಾಗೆ ಹೇಳುವುದಿಲ್ಲ. ಗೇಟು ಮುಚ್ಚಿದ ದಿನಗಳಲ್ಲಿ ಬಹುಪಾಲು ಹೀಗೇ, ಏನೂ ಆಗದ ದಿನಗಳು. ಮುಚ್ಚದಿದ್ದರೂ ಆಗುತ್ತಿರಲಿಲ್ಲವೇನೋ ಅನ್ನುವ ಅನುಮಾನ ಪ್ರತಿ ಸಲ ಉಳಿಯುತ್ತಿತ್ತು, ಮೇಲಿನ ಕಚೇರಿಯಿಂದ ಫೋನೂ ಬರುತ್ತಿತ್ತು.

ಈ ದಾರಿಯಲ್ಲಿ ಕಾಯಲಾಗದ ಚಳಿಗಾಲವೂ ಒಂದಿತ್ತು. 1948ರಲ್ಲಿ ಜೋಜಿ ಲಾ ಪಾಕಿಸ್ತಾನದ ಕಡೆಯವರ ಕೈಯಲ್ಲಿತ್ತು, ಸೆಪ್ಟೆಂಬರ್‌ನ ಕಾಲಾಳು ದಾಳಿಗಳು ಫಲಿಸಿರಲಿಲ್ಲ. ಹಿಮ ಬಿದ್ದು ದಾರಿ ಮುಚ್ಚಿದರೆ ಲೇಹ್ ಕೈತಪ್ಪುವ ಭಯ. ಆಗ ಅಲ್ಲಿನ ಡಿವಿಷನ್ನಿನ ಮುಖ್ಯಸ್ಥರಾಗಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಕೆ. ಎಸ್. ತಿಮ್ಮಯ್ಯ. ಅಷ್ಟು ಎತ್ತರಕ್ಕೆ ಯಾರೂ ನಿರೀಕ್ಷಿಸದ ಟ್ಯಾಂಕುಗಳನ್ನು ಹತ್ತಿಸುವ ಯೋಜನೆ ಹಾಕಿದರು. 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಗೋಪುರ ಕಳಚಿ, ಮುಚ್ಚಿ, ಗುಟ್ಟಾಗಿ ಸಾಗಿಸಿದರು. ಹೇಸರಗತ್ತೆಯ ಕಾಲುದಾರಿಯನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್‌ಗಳು, ಬೆಂಗಳೂರಿನ ಹಲಸೂರಿನಲ್ಲಿ ಕೇಂದ್ರವಿರುವ ಅದೇ ಪಡೆ. ಹವಾಮಾನ ಕೆಟ್ಟು ಮುಂದೆ ಹೋಗುತ್ತಿದ್ದ ದಾಳಿ ಕೊನೆಗೆ ನವೆಂಬರ್ 1ರಂದು ನಡೆಯಿತು. ತಿಮ್ಮಯ್ಯ ಸ್ವತಃ ಮುಂದಿನ ಟ್ಯಾಂಕೊಂದರಲ್ಲಿದ್ದರು. ಅವತ್ತೇ ಕಂಡಿ ಕೈಗೆ ಬಂತು, ತಿಂಗಳು ಮುಗಿಯುವಷ್ಟರಲ್ಲಿ ಕಾರ್ಗಿಲ್ ಕೂಡ. ಕೊಡಗಿನವರು ಈ ಕಥೆಯನ್ನು ಟ್ಯಾಂಕಿನ ಕಥೆಯಾಗಿ ಹೇಳುತ್ತಾರೆ. ಹಾನಗಲ್‌ನ ಎಂಜಿನಿಯರ್‌ಗೆ ಮಾತ್ರ ಅದು ರಸ್ತೆಯ ಕಥೆ: ಗುಂಡಿನ ಕೆಳಗೆ, ಹಿಮ ಬೀಳುವ ಮುನ್ನ ಆ ತಿರುವುಗಳನ್ನು ಅಗಲಿಸಿದವರ ಕಥೆ. ತಾವು ಪ್ರತಿ ಮಾರ್ಚ್‌ನಲ್ಲಿ ಹುಡುಕುತ್ತಿದ್ದ ರಸ್ತೆಯ ಅಡಿಯಲ್ಲಿ ಎಲ್ಲೋ ಅವರ ಕೆಲಸ ಇದೆ ಅನ್ನುವುದು ಅವರಿಗೆ ದೊಡ್ಡ ವಿಷಯ.

2016ರ ಫೆಬ್ರುವರಿ ಹೊತ್ತಿಗೆ ಅವರು ಊರಿಗೆ ಮರಳಿದ್ದರು. ಆ ತಿಂಗಳ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಠಾಣೆಯೊಂದರ ಮೇಲೆ ಹಿಮರಾಶಿ ಬಿದ್ದು ಹತ್ತು ಮಂದಿ ಯೋಧರು ಹೂತುಹೋದರು. ಅದು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ತುಕಡಿ. ಕರ್ನಾಟಕದ ಮೂವರಿದ್ದರು: ಹಾಸನದ ಕಡೆಯ ನಾಗೇಶ, ಎಚ್. ಡಿ. ಕೋಟೆ ಕಡೆಯ ಮಹೇಶ, ಕುಂದಗೋಳ ತಾಲ್ಲೂಕು ಬೆಟದೂರಿನ ಹನುಮಂತಪ್ಪ ಕೊಪ್ಪದ. ಐದು ದಿನ ಹಿಮ ಅಗೆದ ಮೇಲೆ, 8ರಂದು, ಹನುಮಂತಪ್ಪ ಜೀವಂತ ಸಿಕ್ಕಿದರು. ಧಾರವಾಡದಲ್ಲಿ ಆ ಎರಡು ದಿನ ಬೇರೆ ಮಾತಿರಲಿಲ್ಲ. ಅಂಗಡಿ, ಬಸ್ ನಿಲ್ದಾಣ, ಗುಡಿ, ಎಲ್ಲೆಲ್ಲೂ ಪ್ರಾರ್ಥನೆ. ಹಿಮದಲ್ಲಿ ಕೆಲಸ ಮಾಡಿದವರು ಅಂತ ಗೊತ್ತಿದ್ದ ನೆರೆಯವರು ಎಂಜಿನಿಯರ್ ಮನೆಗೇ ಬಂದರು. 'ಅಷ್ಟು ದಿನ ಹ್ಯಾಂಗ್ ಬದುಕ್ಯಾರ್ರೀ?'

ಅವರಿಗೆ ಉತ್ತರ ಗೊತ್ತಿತ್ತು, ಹೇಳಲು ಮನಸ್ಸಿರಲಿಲ್ಲ. ಹಿಮಪಾತದಲ್ಲಿ ಹೂತವರನ್ನು ಮೊದಲ ಹತ್ತು ಹದಿನೈದು ನಿಮಿಷದಲ್ಲಿ ಹೊರತೆಗೆದರೆ ಬಹುಪಾಲು ಬದುಕುತ್ತಾರೆ. ಅರ್ಧ ಗಂಟೆ ದಾಟಿತೋ, ಮೂವರಲ್ಲಿ ಒಬ್ಬರು ಉಳಿಯುವುದೂ ಕಷ್ಟ. ಕೊಲ್ಲುವುದು ಚಳಿಗಿಂತ ಮೊದಲು ಉಸಿರುಗಟ್ಟುವಿಕೆ, ಬಿಟ್ಟ ಉಸಿರೇ ಮುಖದ ಮುಂದೆ ಮಂಜುಗಡ್ಡೆಯ ಮುಸುಕಾಗಿ ಕಟ್ಟಿಕೊಳ್ಳುತ್ತದೆ. ಡೇರೆಯೊಳಗೆ ಉಳಿದ ಗಾಳಿಯ ಪೊಟರೆಯೊಂದು ಹನುಮಂತಪ್ಪನವರನ್ನು ಅಷ್ಟು ದಿನ ಕಾಪಾಡಿತ್ತು. ಆದರೆ ಅಷ್ಟು ಹೊತ್ತು ಆ ಶೀತದಲ್ಲಿದ್ದ ದೇಹಕ್ಕೆ ಮುಂದೆ ಏನಾಗುತ್ತದೆ ಅನ್ನುವುದನ್ನು ಬಂದವರೆದುರು ಬಿಡಿಸಿ ಹೇಳಲಿಲ್ಲ, ಚಹಾ ಮಾಡಿಸಿದರು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಹನುಮಂತಪ್ಪ ತೀರಿಕೊಂಡರು. ಹುಬ್ಬಳ್ಳಿಯ ಅಂತಿಮ ದರ್ಶನದ ಸಾಲಿನಲ್ಲಿ ಎಂಜಿನಿಯರ್ ಕೂಡ ನಿಂತಿದ್ದರು.

ಸಿಯಾಚಿನ್‌ಗೆ ಗೇಟಿಲ್ಲ, ಅಲ್ಲಿ ಇವತ್ತು ಬೇಡ ಅನ್ನುವ ಅವಕಾಶ ಯೋಧರಿಗಿಲ್ಲ. ಪ್ರವಾಸಿಗರಿಗೆ ಇದೆ. 2018ರ ಡಿಸೆಂಬರ್ 28ರಂದು ಸಿಕ್ಕಿಂನ ನಾಥು ಲಾ ನೋಡಿ ಹಿಂತಿರುಗುತ್ತಿದ್ದ ಸುಮಾರು 2,500 ಮಂದಿ ಹಿಮದಲ್ಲಿ ಸಿಕ್ಕಿಬಿದ್ದು, ಸೈನಿಕರು ತಮ್ಮ ಬ್ಯಾರಕ್ ಬಿಟ್ಟುಕೊಟ್ಟು ಉಳಿಸಬೇಕಾಯಿತು. ಅದೇ ನಾಥು ಲಾ ರಸ್ತೆಯಲ್ಲಿ 2023ರ ಏಪ್ರಿಲ್ 4ರಂದು ಹಿಮಪಾತಕ್ಕೆ ಏಳು ಪ್ರವಾಸಿಗರು ಸತ್ತರು. ಏಪ್ರಿಲ್ ಅಂದರೆ ನಮ್ಮ ಕಡೆ ಮಾವಿನ ಕಾಲ. ಬೆಟ್ಟದಲ್ಲಿ ಹಿಮ ಸಡಿಲಾಗುವ ಕಾಲ.

ಜೋಜಿ ಲಾ ಈಗ ಮುಚ್ಚುವ ಅವಧಿ ನಂಬಲಾಗದಷ್ಟು ಕಡಿಮೆಯಾಗಿದೆ. ಒಂದು ಕಾಲಕ್ಕೆ ಐದಾರು ತಿಂಗಳು ಬಂದ್ ಇರುತ್ತಿದ್ದ ದಾರಿ 2022ರಲ್ಲಿ 73 ದಿನ, 2023ರಲ್ಲಿ 68 ದಿನ, 2024ರಲ್ಲಿ 35 ದಿನ, 2025ರಲ್ಲಿ 32 ದಿನ ಮಾತ್ರ ಮುಚ್ಚಿತ್ತು. ಒಂದು ಕಡೆಯಿಂದ ಗಡಿ ರಸ್ತೆ ಸಂಸ್ಥೆಯ ಪ್ರಾಜೆಕ್ಟ್ ಬೀಕನ್, ಇನ್ನೊಂದು ಕಡೆಯಿಂದ ಅದರದೇ ಪ್ರಾಜೆಕ್ಟ್ ವಿಜಯಕ್ ಹಿಮ ಕತ್ತರಿಸುತ್ತ ಬಂದು ಮಧ್ಯದಲ್ಲಿ ಕೂಡುತ್ತವೆ. ಗಗನ್‌ಗೀರ್ ಮತ್ತು ಸೋನಾಮಾರ್ಗ್ ನಡುವಿನ 6.5 ಕಿಲೋಮೀಟರ್ ಸುರಂಗ 2025ರ ಜನವರಿ 13ರಂದು ತೆರೆಯಿತು. 2020ರ ಅಕ್ಟೋಬರ್‌ನಲ್ಲಿ ಮೊದಲ ಸ್ಫೋಟ ನಡೆದ, 13 ಕಿಲೋಮೀಟರ್‌ಗೂ ಉದ್ದದ ಜೋಜಿ ಲಾ ಸುರಂಗದಲ್ಲಿ ಸಂಚಾರ ಶುರುವಾದರೆ ಹಿಮಪಾತದ ಆ ತಿರುವುಗಳ ಗೊಡವೆಯೇ ಇರುವುದಿಲ್ಲ. ಕಾರ್ಗಿಲ್‌ನ ಜನ ಚಳಿಗಾಲಕ್ಕೆಂದು ದಿನಸಿ ಕೂಡಿಡಬೇಕಿಲ್ಲ, ಹೆರಿಗೆಗೆ ವಾಯುಪಡೆಯ ಎಎನ್-32 ವಿಮಾನದಲ್ಲಿ ಸೀಟಿಗಾಗಿ ಕಾಯಬೇಕಿಲ್ಲ. ಎಂಜಿನಿಯರ್‌ಗೆ ಇದರಲ್ಲಿ ಸಂತೋಷವೇ. ತಮ್ಮ ಕಾಲದ ಕಷ್ಟವೇ ಚೆನ್ನಾಗಿತ್ತು ಅನ್ನುವ ಮುದುಕರ ಚಾಳಿ ಅವರಿಗಿಲ್ಲ.

ಆದರೆ ದಿನದ ಲೆಕ್ಕ ಓದಿದಾಗ ಅವರ ಮನಸ್ಸು ಬೇರೆ ಕಡೆ ಹೋಗುತ್ತದೆ. ಮೇ ತಿಂಗಳಲ್ಲಿ ತೆರೆಯುತ್ತಿದ್ದ ರಸ್ತೆ ಮಾರ್ಚ್ ಹೊತ್ತಿಗೇ ತೆರೆದರೆ, ಇಳಿಜಾರುಗಳಲ್ಲಿ ಹಿಮ ಇನ್ನೂ ತುಂಬಿರುವಾಗಲೇ ಅವುಗಳ ಬುಡದಲ್ಲಿ ಗಾಡಿಗಳು ಓಡುತ್ತವೆ. ಹಿಂದೆ ಮುಚ್ಚಿದ ರಸ್ತೆಯೇ ಕಾವಲಾಗಿತ್ತು. ಈಗ ಆ ವಾರಗಳಲ್ಲೆಲ್ಲ ಒಬ್ಬ ಮನುಷ್ಯ ಪ್ರತಿ ಮಧ್ಯಾಹ್ನ ಬೇಡ ಅನ್ನಬೇಕು. ದಾಖಲೆ ಸುದ್ದಿಯಲ್ಲಿ ರಸ್ತೆ ಮುಚ್ಚಿದ್ದ ದಿನಗಳ ಸಂಖ್ಯೆ ಬರುತ್ತದೆ, ಆಮೇಲೆ ಎಷ್ಟು ಮಧ್ಯಾಹ್ನ ಗೇಟು ಹಾಕಿದರು ಅನ್ನುವುದು ಬರುವುದಿಲ್ಲ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅವರ ತಂಗಿಯ ಮಗನಿಗೆ ಬೈಕ್ ಹುಚ್ಚು. ಜೋಜಿ ಲಾ ಬೇಗ ತೆರೆದ ಸುದ್ದಿ ಮೊಬೈಲ್‌ನಲ್ಲಿ ನೋಡಿದವನೇ ಗೆಳೆಯರ ಜೊತೆ ಏಪ್ರಿಲ್‌ಗೆ ಶ್ರೀನಗರದ ಟಿಕೆಟ್ ಮಾಡಿಸಿದ. ಮಾವ ಬೇಡ ಅಂದರು, ಜೂನ್‌ಗೆ ಹೋಗು ಅಂದರು. ರಸ್ತೆ ಓಪನ್ ಇದೆಯಲ್ಲ ಮಾವ ಅಂದ. ಓಪನ್ ಇದ್ದರೆ ಬೆಳಗ್ಗೆ ಎಷ್ಟು ಗಂಟೆಗೆ ಬಿಡ್ತಾರೆ, ದ್ವಿಚಕ್ರಕ್ಕೆ ಅನುಮತಿ ಇದೆಯಾ, ಯಾವ ದಿನ ಯಾವ ದಿಕ್ಕು, ಚೈನ್ ಇಲ್ಲದ ಬಾಡಿಗೆ ಕಾರು ಹಿಂದೆ ಸಿಕ್ಕಿಕೊಂಡರೆ ಎಲ್ಲಿ ನಿಲ್ತೀ, ಅಂತ ಫೋನಿನಲ್ಲಿ ಒಂದೊಂದಾಗಿ ಕೇಳುತ್ತ ಹೋದರು. ಹುಡುಗ ಟ್ರಾಫಿಕ್ ಪೊಲೀಸರ ಪ್ರಕಟಣೆ ತೆಗೆದು ನೋಡಿದ. ಆ ವಾರ ದ್ವಿಚಕ್ರಕ್ಕೆ ಬಿಡುತ್ತಿರಲಿಲ್ಲ. ಟಿಕೆಟ್ ರದ್ದುಮಾಡಿ ಜೂನ್‌ನಲ್ಲಿ ಹೋಗಿಬಂದ. ರದ್ದತಿಯಲ್ಲಿ ಹೋದ ದುಡ್ಡಿನ ಅರ್ಧ ಮಾವನೇ ಕೊಡಬೇಕು ಅಂತ ಇವತ್ತಿಗೂ ಹಬ್ಬಕ್ಕೆ ಬಂದಾಗಲೆಲ್ಲ ಜಗಳ ತೆಗೆಯುತ್ತಾನೆ. ಅವರು ಕೊಟ್ಟಿಲ್ಲ.